ಮೀನು ತಿಂದವರ ಕಾಲು

ರೆಸ್ಮಿಯ ಬಾಯಿ ಸುಮ್ಮನಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಐದು ತಿಂಗಳ ಬಸುರಿ, ಹೊಳೆಯ ಬಂಡೆಯ ಮೇಲೆ ಬಟ್ಟೆ ಒಗೆಯುತ್ತ, ಹತ್ತು ಹೆಂಗಸರ ಎದುರಿಗೆ ಹೇಳಿದ್ದಳು: "ಆ ಗಾರಿಂಗ್ ಮೀನಿನ ಬೆನ್ನು ನೋಡ್ರೇ. ಅರಿಶಿನ, ಹಸಿಮೆಣಸು, ತೆಂಗಿನಹಾಲು ಹಾಕಿ ಕುದಿಸಿದ್ರೆ ಹೆಂಗಿರುತ್ತೆ. ಒಂದಿನ ಹಾರೇಬಿಡ್ತೀನಿ ಮಡುವಿಗೆ." ಬಸುರಿಯ ಬಯಕೆ ಎಂದು ಎಲ್ಲರೂ ನಕ್ಕರು. ಆದರೆ ನಮ್ಮ ಊರು ಕೋತೋ ಲಿಂತಾವಿನಲ್ಲಿ ಮಡುವಿನ ಮೀನಿನ ಬಗ್ಗೆ ಆಡಿದ ಮಾತನ್ನು ಯಾರೂ ಮರೆಯುವುದಿಲ್ಲ.

ಅದು ಆಣೆಯ ಮಡು. ಮಸೀದಿಯ ಹಿಂದಿನ ತಿರುವಿನಿಂದ ತೂಗುಸೇತುವೆಯವರೆಗೆ ಯಾರೂ ಬಲೆ ಬೀಸುವಂತಿಲ್ಲ, ಗಾಳ ಇಳಿಸುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಊರೆಲ್ಲ ಕೂಡಿ ಮಡು ತೆರೆದು, ಹಿಡಿದು, ಹಂಚಿಕೊಂಡು ತಿನ್ನಬೇಕು. ನಡುವೆ ಕದ್ದು ತಿಂದವರ ಹೊಟ್ಟೆ ಉಬ್ಬುತ್ತದೆ, ಇಲ್ಲವೇ ಮೈಮೇಲೆ ಮೀನಿನ ಹುರುಪೆ ಏಳುತ್ತದೆ. ಹಾಗೆ ಎದ್ದದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಆದರೂ ಗಾರಿಂಗ್‌ಗಳು ತೊಡೆಗಾತ್ರ ಬೆಳೆದು ನಿರ್ಭಯವಾಗಿ ಓಡಾಡಿಕೊಂಡಿದ್ದವು.

ನಾನು ಯುಸ್ನಿದಾರ್, ಈ ಊರಿನ ಸರಕಾರಿ ಸೂಲಗಿತ್ತಿ. ಎಲ್ಲರೂ ಬು ಬಿದಾನ್, ಸೂಲಗಿತ್ತಿಯಮ್ಮ, ಅನ್ನುತ್ತಾರೆ; ರೆಸ್ಮಿಯಂಥ ಚಿಕ್ಕವರಿಗೆ ನಾನು ಉನಿ, ಎಂದರೆ ಅಕ್ಕ. ಇಪ್ಪತ್ತಾರು ವರ್ಷದಲ್ಲಿ ಈ ಊರಿನ ಅರ್ಧ ತಲೆಗಳನ್ನು ನಾನೇ ಹೊರಗೆ ಎಳೆದಿದ್ದೇನೆ. ಅದರಿಂದಾಗಿ ಯಾರ ಮೇಲೂ ನನಗೆ ಹೆಚ್ಚಿನ ಗೌರವ ಉಳಿದಿಲ್ಲ.

ರೆಸ್ಮಿಯ ಮಗು ಫಜ್ರಿಯನ್ನು ಮೊದಲ ಸಲ ಹೊಳೆಗೆ ಇಳಿಸುವ ಶಾಸ್ತ್ರ ಐದನೇ ತಿಂಗಳಿಗೆ ಬಂತು. ಭತ್ತದ ಕೊಯ್ಲು ಮುಗಿಯಲಿ ಎಂದು ಕಾದದ್ದು. ಮಗುವಿನ ತಂದೆಯ ತಾಯಿ ರಾಬಿಯಾತುನ್ ಪದ್ಧತಿಯಂತೆ ಹೊಸ ಬಟ್ಟೆ, ತೆಂಗಿನ ಸಸಿ, ಒಂದು ಕೋಳಿ ಹಿಡಿದು ಬಂದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಗಿ ಬಿಚ್ಚಿದವಳು ಹಾಗೇ ಕೂತುಬಿಟ್ಟಳು. ಕಾಲಿನ ಮುಂಭಾಗದಲ್ಲಿ, ಹೊಟ್ಟೆಯ ಇಕ್ಕೆಲದಲ್ಲಿ ಕಂದುಬಣ್ಣದ ಚಕ್ಕೆ. ಒಂದರ ಪಕ್ಕ ಒಂದು, ಸಾಲಾಗಿ.

"ಹುರುಪೆ," ಅಂದಳು ರಾಬಿಯಾತುನ್. "ಮೀನಿನ ಹುರುಪೆ. ರೆಸ್ಮಿ, ನೀನು ತಿಂದಿದೀಯ."

"ನಾನು ತಿಂದಿಲ್ಲ ಅಮಕ್," ಅಂದಳು ರೆಸ್ಮಿ; ಅತ್ತೆಗೆ ಅವಳು ಅಮ್ಮ ಅನ್ನುವುದು ಹಾಗೆ. " ಬರೀ ಬಾಯಿಮಾತಿಗೆ ಅಂದಿದ್ದು."

"ಬಾಯಿಮಾತಿಗೆ ಮಗೂಗೆ ಹುರುಪೆ ಬರುತ್ತಾ?"

ಅವತ್ತು ಸಂಜೆಗೇ ರೆಸ್ಮಿಯ ಗಂಡ ಜಸ್ರಿಲ್, ಲಾರಿ ಓಡಿಸುವ ಗಟ್ಟಿಮುಟ್ಟಾದ ಗಂಡಸು, ತನ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ತಾಯಿಯ ಮನೆಗೆ ನಡೆದ. ನಮ್ಮಲ್ಲಿ ಮನೆ ಹೆಣ್ಣಿನದು, ಗಂಡ ಬಂದು ಸೇರಿಕೊಳ್ಳುವವನು. ದಿಂಬು ಹೊರಟಿತೆಂದರೆ ಸಂಸಾರದ ಅರ್ಧ ಹೊರಟ ಹಾಗೆ. ವಿಚಾರಣೆ ಮುಂದಿನ ಶುಕ್ರವಾರ, ನಮಾಜಿನ ನಂತರ, ಊರ ಚಾವಡಿಯಲ್ಲಿ ಎಂದಾಯಿತು. ತಪ್ಪು ಸಾಬೀತಾದರೆ ದಂಡ ಇಪ್ಪತ್ತು ಚೀಲ ಸಿಮೆಂಟು, ಆ ದಿಂಬು ಮತ್ತೆ ಬರುವುದಿಲ್ಲ, ಫಜ್ರಿ ಸಾಯುವವರೆಗೂ ಮೀನುಕಳ್ಳಿಯ ಮಗ.

ವಿಚಾರಣೆ ನಡೆಸುವವರು ಯಾರು ಅಂತೀರಿ, ರೆಸ್ಮಿಯ ಸೋದರಮಾವ ದಾತುಕ್ ಮಾಲಿಂತಾಂಗ್. ಕುಲದ ಯಜಮಾನರು, ಮಡುವಿನ ಕಾವಲಿನ ಮುಖ್ಯಸ್ಥರು. ಅರವತ್ತೊಂದು ವಯಸ್ಸು. ಆ ಮೀನುಗಳನ್ನು ಅವರು ಹೆತ್ತ ಮಕ್ಕಳಂತೆ ಕಾಯುತ್ತಿದ್ದರು. "ಸ್ವಂತ ಸೋದರಸೊಸೆ ಅಂತ ಬಿಡೋಕಾಗಲ್ಲ," ಅಂದರು ಅವರು, ಗಂಟಲವರೆಗೆ ಗುಂಡಿ ಹಾಕಿದ ಅಂಗಿಯೊಳಗಿನಿಂದ.

ಶನಿವಾರ ಬೆಳಿಗ್ಗೆ ರೆಸ್ಮಿ ಮಗುವನ್ನು ಎತ್ತಿಕೊಂಡು ನನ್ನ ಆರೋಗ್ಯಕೇಂದ್ರಕ್ಕೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಮಗುವಿನ ಕುತ್ತಿಗೆ ಕೆಂಪಾಗಿತ್ತು.

"ಕುತ್ತಿಗೆಗೆ ಏನು ಮಾಡಿದೆ?"

"ಕೊಳೆ ಉನಿ. ಎಷ್ಟು ತಿಕ್ಕಿದ್ರೂ ಹೋಗಲ್ಲ. ತೆಂಗಿನ ನಾರಲ್ಲೂ ತಿಕ್ಕಿದೆ."

"ನಿನ್ನ ತಲೆಗೆ ತಿಕ್ಕೋ ನಾರನ್ನ. ಇದು ಕೊಳೆ ಅಲ್ಲ."

ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಜಕರ್ಣವಾದರೆ ಉಂಗುರದ ಹಾಗೆ ಇರುತ್ತದೆ, ಕಜ್ಜಿಯಾದರೆ ಇಷ್ಟು ಹೊತ್ತಿಗೆ ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರು. ಫಜ್ರಿ ಕೆರೆದುಕೊಳ್ಳುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ, ನನ್ನ ಕನ್ನಡಕವನ್ನು ಕಿತ್ತುಕೊಳ್ಳುವ ಯೋಚನೆಯಲ್ಲಿದ್ದ. ಚಕ್ಕೆಗಳು ಕಾಲಿನಲ್ಲಿ, ಹೊಟ್ಟೆಯಲ್ಲಿ, ಕುತ್ತಿಗೆಯ ಪಕ್ಕದಲ್ಲಿ ಮಾತ್ರ. ಮುಖ ನುಣ್ಣಗೆ, ಅಂಗೈ ಅಂಗಾಲು ನುಣ್ಣಗೆ. ಮೊಣಕೈ ಮಡಿಕೆಯನ್ನೂ ಮಂಡಿಯ ಹಿಂಭಾಗವನ್ನೂ ಬಿಡಿಸಿ ನೋಡಿದೆ, ಬೆಣ್ಣೆ.

"ಯಾವಾಗ ಶುರುವಾಯ್ತು?"

"ಮೂರು ವಾರದ ಮಗು ಆಗಿದ್ದಾಗ ಸಣ್ಣಗೆ ಹೊಟ್ಟು ಉದುರ್ತಿತ್ತು. ಆಮೇಲೆ ದಪ್ಪ ಆಯ್ತು. ಒಣಗಾಳಿ ಬೀಸಿದ ದಿನ ಜಾಸ್ತಿ."

ಆಗ ನನಗೆ ಇವನ ಹೆರಿಗೆ ನೆನಪಾಯಿತು. ದಿನ ತುಂಬಿ ಹತ್ತು ದಿನವಾದರೂ ನೋವೇ ಬಂದಿರಲಿಲ್ಲ. ಪಟ್ಟಣದ ಆಸ್ಪತ್ರೆಗೆ ಕಳಿಸಿ, ಔಷಧಿ ಹಾಕಿ ನೋವು ಬರಿಸಬೇಕಾಯಿತು. ಅವತ್ತು ರೆಸ್ಮಿಯ ತಾಯಿ ನುರ್ಲಿಯಾನ್ ಎಲೆಯಡಿಕೆ ಜಗಿಯುತ್ತ ಹೇಳಿದ್ದಳು: "ನಮ್ಮ ಮನೆ ಗಂಡುಮಕ್ಕಳು ತಾವಾಗೇ ಹೊರಗೆ ಬರಲ್ಲ. ನನ್ನ ತಮ್ಮನೂ ಹಿಂಗೇ ಹಟ ಹಿಡಿದು ಕೂತಿದ್ದ."

ಮಾರನೆಯ ದಿನ ಬಿಟ್ಟು ಸೋಮವಾರ ಮೂವರೂ ಪಟ್ಟಣಕ್ಕೆ ಹೋದೆವು. ಚರ್ಮದ ಡಾಕ್ಟರು ನಾನು ನೋಡಿದ್ದನ್ನೇ ನೋಡಿ, ನಾನು ಕೇಳಿದ್ದನ್ನೇ ಕೇಳಿದರು. "ಹುಟ್ಟಿನಿಂದ ಬಂದದ್ದು. ಹೆರಿಗೆ ನೋವು ತಡವಾಗಿದ್ದೂ ಇದರಿಂದಲೇ. ಅಂಟಲ್ಲ, ಜೀವಕ್ಕೆ ಅಪಾಯ ಇಲ್ಲ, ಪೂರ್ತಿ ಹೋಗೋದೂ ಇಲ್ಲ. ತಿಕ್ಕಬೇಡಿ. ಸ್ನಾನ ಆದ ತಕ್ಷಣ ಮೈ ಹಸಿ ಇರುವಾಗಲೇ ಮುಲಾಮು ಹಚ್ಚಿ. ಇದು ತಾಯಿ ಕಡೆಯಿಂದ ಇಳಿದು ಗಂಡುಮಕ್ಕಳ ಮೈಮೇಲೆ ಕಾಣುತ್ತೆ. ತಾಯಿಗೆ ಏನೂ ಇರಲ್ಲ. ನಿಮ್ಮ ತಾಯಿ ಕಡೆ ಹಿರಿಯ ಗಂಡಸರು ಯಾರಾದ್ರೂ ಇದ್ದಾರಾ?"

ರೆಸ್ಮಿಗೆ ಇರುವವರು ಬರೀ ಅಕ್ಕಂದಿರು, ಅವರಿಗೆಲ್ಲ ಹೆಣ್ಣುಮಕ್ಕಳು. ಮನೆಯಲ್ಲಿ ತಾಯಿಯ ಕಡೆಯ ಗಂಡಸು ಒಬ್ಬರೇ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಮ್ಮಲ್ಲಿ ಮನೆ, ಗದ್ದೆ, ಕುಲದ ಹೆಸರು ಎಲ್ಲ ತಾಯಿಯಿಂದ ಬರುತ್ತವೆ, ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. ಈ ಚರ್ಮವೂ ಅದೇ ದಾರಿ ಹಿಡಿದು ಬಂದಿತ್ತು. ಊರಿನ ಹುಡುಗರು ಮರೆತರೂ ರೋಗವೊಂದು ನಮ್ಮ ಅಳಿಯಸಂತಾನದ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ ಎಂದು ಬಸ್ಸಿನಲ್ಲಿ ನನಗೆ ನಗು ಬಂತು. ರೆಸ್ಮಿ ನಗಲಿಲ್ಲ.

"ಮಾವನ ಕಾಲು ನಾನು ಹುಟ್ಟಿದಾಗಿಂದ ನೋಡಿಲ್ಲ ಉನಿ," ಅಂದಳು. "ಮಲಗೋವಾಗಲೂ ಉದ್ದ ಪ್ಯಾಂಟೇ ಅಂತೆ."

ನಾನೂ ನೋಡಿರಲಿಲ್ಲ. ಪ್ರತಿ ತಿಂಗಳು ಅವರ ರಕ್ತದೊತ್ತಡ ನೋಡುತ್ತೇನೆ. ಅಂಗಿಯ ತೋಳನ್ನು ಮೊಣಕೈ ಮಡಿಕೆಯವರೆಗೆ ಮಾತ್ರ, ಅಳೆದು ಮಡಚಿದ ಹಾಗೆ ಮಡಚುತ್ತಾರೆ. ಆ ಮಡಿಕೆಯವರೆಗೆ ಮಾತ್ರ ಚರ್ಮ ನುಣ್ಣಗಿರುತ್ತದೆ ಎಂಬುದು ನನಗೆ ಈಗ ಹೊಳೆಯಿತು.

ಆದರೆ ಯಜಮಾನರಿಗೆ ಪ್ಯಾಂಟು ಎತ್ತಿ ಅನ್ನುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟಲು ನಾನು ಉಪಾಯ ಹೂಡಿದೆ. ಅರವತ್ತು ದಾಟಿದವರಿಗೆಲ್ಲ ಸಕ್ಕರೆಕಾಯಿಲೆಯ ಕಾಲು ತಪಾಸಣೆ, ಬಂದವರಿಗೆ ಬೇಯಿಸಿದ ಮೊಟ್ಟೆ ಎಂದು ಮಸೀದಿಯ ಮೈಕಿನಲ್ಲಿ ಕೂಗಿಸಿದೆ. ಮಂಗಳವಾರ ನಲವತ್ಮೂರು ಜೊತೆ ಕಾಲು ನೋಡಿದೆ. ಆಣಿ, ಒಡೆದ ಹಿಮ್ಮಡಿ, ಉಗುರಿನ ಕೊಳೆ, ಒಬ್ಬನದಂತೂ ಗದ್ದೆಯ ಕೆಸರು ಸಮೇತ. ಮೊಟ್ಟೆಯಾಸೆಗೆ ನಲವತ್ತರವರೂ ಅರವತ್ತು ಎಂದು ಬಂದರು. ದಾತುಕ್ ಬರಲಿಲ್ಲ, ಚೀಟಿ ಕಳಿಸಿದರು: ನನ್ನ ಕಾಲು ಚೆನ್ನಾಗಿದೆ, ಮೊಟ್ಟೆಯನ್ನು ಬಡವರಿಗೆ ಕೊಡಿ.

ಬುಧವಾರ ಬೆಳ್ಳಂಬೆಳಿಗ್ಗೆ, ಆಗಷ್ಟೇ ಬೆಳಕು ಹರಿದು ಹೊಳೆಯ ಮೇಲೆ ಮಂಜು ಇದ್ದಾಗ, ಒಂದು ಬಾಣಂತಿಯನ್ನು ನೋಡಿಕೊಂಡು ಅಡ್ಡದಾರಿಯಲ್ಲಿ ಬರುತ್ತಿದ್ದೆ. ಮಡುವಿನ ಬಂಡೆಯ ಮರೆಯಲ್ಲಿ ದಾತುಕ್ ಕೂತಿದ್ದರು. ಪ್ಯಾಂಟು ತೊಡೆಯವರೆಗೆ ಸುತ್ತಿ, ಎರಡೂ ಕಾಲು ನೀರಿನೊಳಗೆ. ಹತ್ತಿಪ್ಪತ್ತು ಗಾರಿಂಗ್‌ಗಳು ಸುತ್ತ ಮುತ್ತಿಕೊಂಡು ಮೀನಖಂಡವನ್ನೂ ಮುಂಗಾಲನ್ನೂ ಮೆಲ್ಲಗೆ ಕಿತ್ತು ತಿನ್ನುತ್ತಿದ್ದವು. ಚಕ್ಕೆಗಳು ಫಜ್ರಿಯವೇ, ಅರವತ್ತು ವರ್ಷ ಬಲಿತು ಕಪ್ಪಾದವು.

ನಾನು ಕೆಮ್ಮಿದೆ. ಅವರು ಕಾಲು ತೆಗೆಯಲು ಹೋಗಿ, ತೆಗೆದರೆ ಇನ್ನೂ ಚೆನ್ನಾಗಿ ಕಾಣುತ್ತದೆಂದು ಗೊತ್ತಾಗಿ ಹಾಗೇ ಕೂತರು.

"ಮೊಟ್ಟೆ ಉಳಿದಿದೆ ದಾತುಕ್," ಅಂದೆ.

"ನೋಡಾಯ್ತಲ್ಲ. ಹೋಗಿ ಊರಿಗೆಲ್ಲ ಸಾರು."

"ಫಜ್ರಿಗೂ ಇದೇ ಇರೋದು. ಇದು ನಿಮ್ಮ ಮನೆತನದ್ದು. ನೀವು ಬಾಯಿ ಬಿಟ್ರೆ ರೆಸ್ಮಿ ಉಳೀತಾಳೆ."

ಅವರು ಕಾಲಿಗೆ ಅಂಟಿದ್ದ ಒಂದು ಮೀನನ್ನು ಕೈಯಿಂದ ಮೆಲ್ಲಗೆ ಸರಿಸಿದರು. ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ನಾನು ಕೇಳಿರದ ಸಣ್ಣ ಧ್ವನಿಯಲ್ಲಿ ಹೇಳಿದರು: "ನಾನು ತಿಂದಿದೀನಿ ಯುಸ್ನಿದಾರ್. ಒಂಬತ್ತು ವರ್ಷದವನಿದ್ದಾಗ. ಇದೇ ಬಂಡೆ ಹಿಂದೆ ಕೈಯಲ್ಲೇ ಹಿಡಿದು, ಸೋಗೆ ಬೆಂಕೀಲಿ ಸುಟ್ಟು ತಿಂದೆ. ಮಾರನೇ ದಿನ ಕಾಲು ನೋಡ್ಕೋತೀನಿ, ಹುರುಪೆ. ಅವತ್ತಿಂದ ಈ ಮೀನು ಕಾಯ್ತಾ ಇದೀನಿ. ಕಾದ್ರೆ ಕ್ಷಮಿಸ್ತಾವೇನೋ ಅಂತ."

"ಹಿಂದಿನ ದಿನ ಕಾಲು ನೋಡ್ಕೊಂಡಿದ್ರಾ?"

"ಒಂಬತ್ತು ವರ್ಷದವನು ಯಾಕೆ ಕಾಲು ನೋಡ್ಕೋತಾನೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಂತಾಗಿತ್ತು ಅವರ ಕಥೆ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಐವತ್ತೆರಡು ವರ್ಷ ಈ ಬಿಸಿಲಿನಲ್ಲಿ ಉದ್ದ ಪ್ಯಾಂಟು.

"ಆ ಮೀನಿಗೂ ಈ ಕಾಲಿಗೂ ಸಂಬಂಧ ಇಲ್ಲ," ಅಂದೆ.

"ನಿನಗೆ ಹೆಂಗೆ ಗೊತ್ತು?"

ನನಗೆ ಹೇಗೆ ಗೊತ್ತು ಅಂದರೆ, ಪ್ರವಾಹ ಬಂದ ವರ್ಷ ಮಡುವಿನ ಎರಡು ಗಾರಿಂಗ್‌ಗಳು ಗದ್ದೆಯ ಬದುವಿನ ಮೇಲೆ ಬಂದು ಒದ್ದಾಡುತ್ತಿದ್ದವು. ಎತ್ತಿ ಹೊಳೆಗೆ ಬಿಡೋಣ ಎಂದೇ ನಾನು ಅವನ್ನು ಔಷಧಿಯ ಚೀಲಕ್ಕೆ ಹಾಕಿಕೊಂಡದ್ದು. ಚೀಲ ಹೊಳೆಯ ಕಡೆ ಹೋಗದೆ ಮನೆಯ ಕಡೆ ಹೋಯಿತು. ಹಸಿಮೆಣಸು ಮನೆಯಲ್ಲಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ದಾತುಕ್ ಅವರಿಗೆ ಹೇಳಿದೆ. ಅವರು ನಾನು ಲುಂಗಿಯಂತೆ ಉಟ್ಟಿದ್ದ ಸರೋಂಗಿನ ಅಂಚನ್ನೇ ನೋಡಿದರು. ನಾನು ಒಂದು ಗೇಣು ಎತ್ತಿ ತೋರಿಸಿದೆ. ಸುಲಿದ ಮೊಟ್ಟೆಯ ಹಾಗಿದೆ ನನ್ನ ಕಾಲು, ಈ ವಯಸ್ಸಿನಲ್ಲೂ.

"ಎರಡಾ?" ಅಂದರು ಅವರು. "ಎರಡು ತಿಂದೂ?"

"ಒಂದು ಹುರಿದದ್ದು, ಒಂದು ಸಾರು."

ಶುಕ್ರವಾರ ಚಾವಡಿ ತುಂಬಿತ್ತು. ರೆಸ್ಮಿ ಮಗುವನ್ನು ಅಪ್ಪಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಎದುರಿಗೆ ರಾಬಿಯಾತುನ್, ಅವಳ ಪಕ್ಕ ತಲೆ ತಗ್ಗಿಸಿದ ಜಸ್ರಿಲ್. ನಾನು ಮೊದಲು ಡಾಕ್ಟರ ಕಾಗದ ಓದಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಡಾಕ್ಟರಿಗೆ ಮಡು ಎಲ್ಲಿ ಗೊತ್ತು?" ಅಂದರು ಮಸೀದಿಯಲ್ಲಿ ಬಾಂಗು ಕೂಗುವ ಮುದುಕರು.

ಆಗ ದಾತುಕ್ ಎದ್ದರು. ಅವತ್ತು ಅವರು ಲುಂಗಿ ಉಟ್ಟು ಬಂದಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಅದನ್ನು ಮಂಡಿಯವರೆಗೆ ಎತ್ತಿ ಕಟ್ಟಿದರು.

"ನನಗೂ ಇದೆ. ಹುಡುಗಿ ತಪ್ಪಿಲ್ಲ, ಇದು ನಮ್ಮ ಮನೆಯದು," ಅಂದರು. ಅಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಆದರೆ ಅವರು ಪ್ರಾಮಾಣಿಕರು, ಅದೇ ತೊಂದರೆ. "ಇನ್ನೂ ಒಂದು ಮಾತು. ಒಂಬತ್ತನೇ ವಯಸ್ಸಲ್ಲಿ ನಾನು ಮಡುವಿನ ಮೀನು ತಿಂದಿದೀನಿ."

"ನೋಡಿದ್ರಾ," ಅಂದಳು ರಾಬಿಯಾತುನ್. "ಕದ್ದು ತಿಂದವರಿಗೆ ಹುರುಪೆ. ಅವರೇ ಒಪ್ಕೊಂಡ್ರು. ಮಾವನಿಗೆ ತಾನು ತಿಂದಿದ್ದಕ್ಕೆ, ಮಗೂಗೆ ತಾಯಿ ತಿಂದಿದ್ದಕ್ಕೆ." ಎಲ್ಲರ ಕಣ್ಣೂ ಮತ್ತೆ ರೆಸ್ಮಿಯ ಮೇಲೆ ಹೋಯಿತು. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು ನಮ್ಮ ಸ್ಥಿತಿ.

ಆಗ ನುರ್ಲಿಯಾನ್ ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿದಳು. ಅವಳು ದಾತುಕ್ ಅವರಿಗಿಂತ ಏಳು ವರ್ಷ ದೊಡ್ಡವಳು. "ಏನು ಒದರ್ತಿದೀಯೋ. ನಿನ್ನ ಕಾಲು ತೊಟ್ಟಿಲಲ್ಲೇ ಹಿಂಗಿತ್ತು. ನಾನೇ ಎತ್ತಿ ಆಡ್ಸಿದೋಳು. ಅಮ್ಮ ನಿನ್ನ ಕುತ್ತಿಗೆ ಕೊಳೆ ಅಂತ ನಾರಲ್ಲಿ ತಿಕ್ಕಿ ರಕ್ತ ಬರಿಸ್ತಿದ್ಲು."

ದಾತುಕ್ ಅವರ ಬಾಯಿ ತೆರೆದೇ ಇತ್ತು. "ಅಕ್ಕ, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ನೀನು ಪ್ಯಾಂಟು ಹಾಕ್ಕೊಂಡೆ, ನಾಚಿಕೆಯೇನೋ ಅಂತ ನಾನು ಸುಮ್ನಾದೆ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಂಗಿನ ಮುದುಕರು ಗಡ್ಡ ನೀವಿದರು. "ಮುಂದೆ ಯಾರು ಕದೀತಾರೆ ಅಂತ ಆಣೆಗೆ ಮೊದಲೇ ಗೊತ್ತಿರುತ್ತಪ್ಪ. ತೊಟ್ಟಿಲಲ್ಲೇ ಗುರುತು ಹಾಕಿಟ್ಟಿದೆ." ಜನ ಹೌದು ಹೌದು ಎಂದು ತಲೆಯಾಡಿಸಿದರು. ಇಂಥ ಬುದ್ಧಿಗೆ ಯಾವ ಡಾಕ್ಟರ ಹತ್ತಿರವೂ ಮುಲಾಮಿಲ್ಲ.

ದಾತುಕ್ ನನ್ನನ್ನು ನೋಡಿದರು. ನನ್ನ ಬಳಿ ಇದ್ದ ಒಳ್ಳೆಯ ಸಾಕ್ಷಿ ನನ್ನ ಸರೋಂಗಿನೊಳಗೇ ಇತ್ತು. ಅದನ್ನು ತೋರಿಸಿದರೆ ಇಪ್ಪತ್ತಾರು ವರ್ಷದ ಮರ್ಯಾದೆ ಹೊಳೆಯ ಪಾಲು. ನಾಳೆಯಿಂದ ಹೆರಿಗೆ ನೋವಿನಲ್ಲಿರುವವಳೂ ಮೀನಿನ ಮಾತೆತ್ತುತ್ತಾಳೆ. ಸುಮ್ಮನಿರೋಣವೆಂದೇ ಇದ್ದೆ. ಅಷ್ಟರಲ್ಲಿ ಜಸ್ರಿಲ್ ಎದ್ದು ಬಾಗಿಲ ಕಡೆ ತಿರುಗಿದ, ರೆಸ್ಮಿ ಮಗುವಿನ ಕಾಲನ್ನು ಸೆರಗಿನಿಂದ ಮುಚ್ಚಿದಳು. ಇನ್ನೊಂದು ಉದ್ದ ಪ್ಯಾಂಟು ಶುರುವಾಗುವುದನ್ನು ನಾನು ಕಣ್ಣಾರೆ ಕಂಡೆ.

"ಕೂತ್ಕೋ ಜಸ್ರಿಲ್," ಅಂದೆ. "ಪ್ರವಾಹದ ವರ್ಷ ನಾನು ಎರಡು ತಿಂದಿದೀನಿ." ಸರೋಂಗನ್ನು ಮಂಡಿಯವರೆಗೆ ಎತ್ತಿ ಚಾವಡಿಯ ನಡುವೆ ನಿಂತೆ. "ಹುರುಪೆ ಇದ್ರೆ ತೋರ್ಸಿ. ಹತ್ರ ಬಂದು ನೋಡಿ, ಮೊಟ್ಟೆ ಮಾತ್ರ ಕೊಡಲ್ಲ."

ನೋಡಿದರು. ಬಾಂಗಿನ ಮುದುಕರು ಕನ್ನಡಕ ಹಾಕಿಕೊಂಡು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದರು. ಮೊದಲು ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು, ಆಮೇಲೆ ಚಾವಡಿಗೆ ಚಾವಡಿಯೇ ನಕ್ಕಿತು. ಆದರೆ ನಾನು ಇನ್ನೊಂದನ್ನೂ ಕಂಡೆ. ನಗುತ್ತ ನಗುತ್ತ ಎಷ್ಟೋ ಜನರ ಕೈ ತಮ್ಮ ತಮ್ಮ ಕಾಲಿನ ಮೇಲೆ ಸವರಾಡಿತು. ರಾಬಿಯಾತುನ್ ಮಾತ್ರ ನಗಲಿಲ್ಲ.

ದಾತುಕ್ ಕೈಯೆತ್ತಿದರು. "ರೆಸ್ಮಿ ಮೇಲೆ ಏನೂ ಇಲ್ಲ. ಇನ್ಮೇಲೆ ಮಡುವನ್ನ ಆಣೆ ಕಾಯಲ್ಲ, ನಾವೇ ಕಾಯ್ಬೇಕು. ಹಳೆ ಕಳ್ಳರಿಗೆ ಒಂದು ಮೀನಿಗೆ ಒಂದು ಚೀಲ ಸಿಮೆಂಟು. ಮಡುವಿಗೆ ಮೆಟ್ಟಿಲು ಕಟ್ಸೋಣ. ನನ್ನದು ಒಂದು, ಬು ಬಿದಾನ್‌ದು ಎರಡು. ಬೇರೆ ಯಾರಾದ್ರೂ ಇದ್ರೆ ಬಾಯಿ ಬಿಡೋದು ಬೇಡ, ಚೀಲ ಇಟ್ಟು ಹೋಗಿ."

ಮೂರು ಚೀಲಕ್ಕೆ ಮೂರೋ ನಾಲ್ಕೋ ಮೆಟ್ಟಿಲಾಗುತ್ತದೆ ಎಂದುಕೊಂಡಿದ್ದೆವು. ಭಾನುವಾರ ಬೆಳಿಗ್ಗೆ ಬಂಡೆಯ ಹತ್ತಿರ ಮೂವತ್ತೊಂದು ಚೀಲಗಳಿದ್ದವು. ಬಾಂಗಿನ ಮುದುಕರ ಮನೆಯ ಕೈಗಾಡಿಯ ಗಾಲಿಯ ಗುರುತು ಕೆಸರಿನಲ್ಲಿ ಸ್ಪಷ್ಟವಾಗಿತ್ತು. ನಾವು ನೋಡದವರಂತೆ ಇದ್ದೆವು.

ದಾತುಕ್ ಮಂಡಿಯವರೆಗಿನ ಚಡ್ಡಿ ಹಾಕಿಕೊಂಡು ಬಿಸಿಲಿನಲ್ಲಿ ಕೂತಿದ್ದರು, ಊರೇ ನೋಡುವ ಹಾಗೆ. ಕಾಲಿಗೆ ನಾನು ಕೊಟ್ಟ ಮುಲಾಮು ಮಿನುಗುತ್ತಿತ್ತು. ತೊಡೆಯ ಮೇಲೆ ಫಜ್ರಿ, ಅವನ ಕಾಲೂ ಮಿನುಗುತ್ತಿತ್ತು. ಜಸ್ರಿಲ್ ಮರಳು ಹೊರುತ್ತಿದ್ದ. ದಿಂಬು ಶುಕ್ರವಾರ ಸಂಜೆಯೇ ವಾಪಸ್ಸಾಗಿತ್ತು, ಆದರೆ ರೆಸ್ಮಿ ಅದನ್ನು ಎರಡು ದಿನ ಕೋಳಿಗೂಡಿನ ಮೇಲೆ ಇಟ್ಟಿದ್ದಳು.

ಮಧ್ಯಾಹ್ನದ ಹೊತ್ತಿಗೆ ರಾಬಿಯಾತುನ್ ತಲೆಯ ಮೇಲೆ ಒಂದು ಚೀಲ ಹೊತ್ತು, ಎಲ್ಲರ ಎದುರಿಗೇ ಬಂದಳು. ಇಳಿಸಿಕೊಳ್ಳಲು ನಾನು ಕೈ ಕೊಟ್ಟೆ.

"ಹೇಳೋದು ಬೇಡ ಅಂದಿದ್ದಾರೆ," ಅಂದೆ.

"ಹೇಳ್ತೀನಿ." ಅವಳು ಸೊಸೆಯ ಕಡೆ ತಿರುಗಿದಳು. "ಜಸ್ರಿಲ್ ಹೊಟ್ಟೇಲಿದ್ದಾಗ ತಿಂದಿದ್ದೆ. ಬಯಕೆ ತಡೀಲಿಲ್ಲ. ಅವನು ಹುಟ್ಟಿದ ಮೇಲೆ ಒಂದು ವರ್ಷ ದಿನಾ ದೀಪ ಹಿಡಿದು ಮೈ ನೋಡ್ತಿದ್ದೆ. ಏನೂ ಬರ್ಲಿಲ್ಲ, ಬಚಾವಾದೆ ಅಂದ್ಕೊಂಡೆ. ಮೊಮ್ಮಗನ ಅಂಗಿ ಬಿಚ್ಚಿದಾಗ... ನನ್ನಿಂದ ಬಂತು ಅಂತ ಎದೆ ಒಡೀತು. ನಿನ್ನಿಂದ ಅಂದ್ಬಿಟ್ಟೆ."

ರೆಸ್ಮಿ ಸೋದರಮಾವನ ತೊಡೆಯಿಂದ ಫಜ್ರಿಯನ್ನು ಎತ್ತಿ ಅತ್ತೆಯ ಸಿಮೆಂಟಿನ ಕೈಗೆ ಕೊಟ್ಟಳು. ಮುಲಾಮಿನ ಡಬ್ಬಿಯನ್ನೂ ಕೊಟ್ಟಳು.

"ತಿಕ್ಕಬೇಡಿ ಅಮಕ್," ಅಂದಳು. "ಮೆಲ್ಲಗೆ ಹಚ್ಚಿ."